ಡಂಡೀ ಮಾರ್ಮಲೇಡ್: ಬಿರುಗಾಳಿಯ ಕಥೆ ಎಷ್ಟು ನಿಜ?

ವಾಟ್ಸ್‌ಆ್ಯಪ್‌ನಲ್ಲಿ ಒಂದು ಕಥೆ ಓಡಾಡುತ್ತಿದೆ. ಬಿರುಗಾಳಿಗೆ ಸಿಕ್ಕ ಸ್ಪೇನಿನ ಹಡಗೊಂದು ಸ್ಕಾಟ್ಲೆಂಡಿನ ಡಂಡೀ ಬಂದರು ಸೇರಿತಂತೆ. ಅದರಲ್ಲಿದ್ದ ಕಹಿ ಕಿತ್ತಳೆಯನ್ನು ಜೇಮ್ಸ್ ಕೀಲರ್ ಅಗ್ಗಕ್ಕೆ ಕೊಂಡನಂತೆ. ಅವನ ಹೆಂಡತಿ ಜಾನೆಟ್ ಅದಕ್ಕೆ ಸಕ್ಕರೆ ಹಾಕಿ ಕುದಿಸಿದಾಗ ಜಗತ್ತಿನ ಮೊದಲ ಮಾರ್ಮಲೇಡ್, ಅಂದರೆ ಜಾಮ್‌ನಂಥ ಕಿತ್ತಳೆ ಪಾಕ, ಹುಟ್ಟಿತಂತೆ.

ಕೇಳಲು ಸೊಗಸಾಗಿದೆ, ಆದರೆ ನಿಲ್ಲುವುದಿಲ್ಲ. ಕೀಲರ್ ಕಂಪನಿ ಶುರುವಾದದ್ದು 1797ರಲ್ಲಿ. ಕಿತ್ತಳೆ ಮಾರ್ಮಲೇಡ್ ಮಾಡುವ ವಿಧಾನಗಳು 17ನೇ ಶತಮಾನದ ಇಂಗ್ಲಿಷ್ ಕೈಬರಹಗಳಲ್ಲೇ ಸಿಗುತ್ತವೆ. 1773ರಲ್ಲಿ ಸ್ಕಾಟ್ಲೆಂಡ್ ಸುತ್ತಿದ ಇಂಗ್ಲಿಷ್ ಲೇಖಕ ಸ್ಯಾಮ್ಯುಯೆಲ್ ಜಾನ್ಸನ್ ಅಲ್ಲಿನ ಬೆಳಗಿನ ತಿಂಡಿಯಲ್ಲಿ ಮಾರ್ಮಲೇಡ್ ಇದ್ದುದನ್ನು ಬರೆದಿದ್ದಾರೆ. ಇನ್ನು ಜಾನೆಟ್, ಜೇಮ್ಸ್‌ನ ಹೆಂಡತಿಯಲ್ಲ, ತಾಯಿ. ಇಬ್ಬರೂ ಸೇರಿ ವ್ಯಾಪಾರ ಕಟ್ಟಿದರು. ದಂತಕಥೆಯಲ್ಲಿ ಆಕೆಯ ವ್ಯಾಪಾರದ ಜಾಣ್ಮೆ ಮರೆಯಾಗಿ ಅಡುಗೆಮನೆಯ ಅದೃಷ್ಟವಷ್ಟೇ ಉಳಿದಿರುವುದು ಅನ್ಯಾಯವೇ.

ಕೀಲರ್ ಕುಟುಂಬದ ನಿಜವಾದ ಸಾಧನೆ ಮಾರ್ಮಲೇಡನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ದೂರದೂರಕ್ಕೆ ಮಾರಿದ್ದು. ಬ್ರಿಟನ್ನಿನ ಸಕ್ಕರೆ ಸುಂಕ ತಪ್ಪಿಸಿಕೊಳ್ಳಲು 1857ರಲ್ಲಿ, ಆ ಸುಂಕವಿಲ್ಲದ ಗರ್ನ್ಸಿ ದ್ವೀಪದಲ್ಲೂ ಕಾರ್ಖಾನೆ ತೆರೆದರು!

ಹಾಗೆಂದು ಡಂಡೀ ಬರೀ ಮಾರ್ಮಲೇಡಿನ ಊರಲ್ಲ. ಸೆಣಬು, ಜಾಮ್, ಪತ್ರಿಕೋದ್ಯಮ ಮೂರಕ್ಕೂ ಅದು ಹೆಸರುವಾಸಿ. ಹೆಚ್ಚು ಕೈಗಳಿಗೆ ಕೆಲಸ ಕೊಟ್ಟದ್ದು ಸೆಣಬು. ಬಂಗಾಳದಿಂದ ಬರುತ್ತಿದ್ದ ಒರಟು ನಾರನ್ನು ಮೆದು ಮಾಡಲು ಅದೇ ಬಂದರಿಗೆ ಬರುತ್ತಿದ್ದ ತಿಮಿಂಗಿಲದ ಎಣ್ಣೆ ಬಳಸುತ್ತಿದ್ದರು. ಕೊನೆಗೆ ಕಲ್ಕತ್ತೆಯ ಗಿರಣಿಗಳೇ ಡಂಡೀಯ ಪ್ರತಿಸ್ಪರ್ಧಿಗಳಾದವು. ಅಲ್ಲಿ ಮೇಲ್ವಿಚಾರಕರಾಗಿದ್ದವರಲ್ಲಿ ಅನೇಕರು ಡಂಡೀಯವರೇ.