ಬಿಲ್ ಬಾರದ ನೀರು

ಮೊನ್ನೆ ಒಂದು ಮದುವೆ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಪಕ್ಕದ ಎಲೆಯ ಹಿರಿಯರು "ಏನ್ ಕೆಲಸ ಮಾಡ್ತೀಯಮ್ಮಾ?" ಅಂದರು. "ನೀರು ಸರಬರಾಜಿನ ಕಚೇರಿ. ನೀರು ಉಳಿಸೋದು ಹೇಗೆ ಅಂತ ಹೇಳೋ ಕೆಲಸ" ಅಂದೆ. ಅವರು ತಮ್ಮ ಮುಂದಿದ್ದ ಅರ್ಧ ಬಾಟಲಿ ನೀರು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಬಾಟಲಿ ಎತ್ತಿ ಗಟಗಟ ಪೂರ್ತಿ ಕುಡಿದುಬಿಟ್ಟರು. ಹೋಳಿಗೆ ಇನ್ನೂ ಬಡಿಸಿರಲಿಲ್ಲ, ಪಾಪ.

ನನ್ನ ಕೆಲಸ ಕೇಳಿದವರೆಲ್ಲ ಹೀಗೇ ಮಾಡುತ್ತಾರೆ. ನಲ್ಲಿ ತಿರುಗಿಸುತ್ತಾರೆ, ಲೋಟ ಖಾಲಿ ಮಾಡುತ್ತಾರೆ, ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸುತ್ತೇನೆ ಅಂತ ತಾವಾಗೇ ಹೇಳುತ್ತಾರೆ. ನಿಜ ಹೇಳಬೇಕೆಂದರೆ ಅರ್ಧ ಬಾಟಲಿ ನೀರಿನ ಬಗ್ಗೆ ನನಗೆ ಅಷ್ಟೇನೂ ಚಿಂತೆಯಿಲ್ಲ. ಇಷ್ಟು ವರ್ಷ ಬೆಂಗಳೂರಿನ ಸಂಪು, ಮೀಟರು, ಪೈಪು ನೋಡಿಕೊಂಡು ತಿರುಗಿದ ಮೇಲೆ ನನಗೆ ಅನ್ನಿಸಿರುವುದು ಒಂದೇ. ಬಿಲ್ ಬಾರದ ನೀರನ್ನು ಈ ಊರು ನೀರು ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಬನಶಂಕರಿ ಕಡೆ ಒಂದು ಮನೆಗೆ ಹೋಗಿದ್ದೆ. ಯಜಮಾನರು ಗೇಟಿನಲ್ಲೇ ಬಿಲ್ ತೋರಿಸಿದರು. "ನೋಡಿ ಮೇಡಂ, ತಿಂಗಳಿಗೆ ಒಂಬತ್ತು ಸಾವಿರ ಲೀಟರ್. ನಾವು ಎಷ್ಟು ಎಚ್ಚರ ಗೊತ್ತಾ?" ನಾಲ್ಕು ಜನರ ಮನೆಗೆ ನಿಜಕ್ಕೂ ಕಡಿಮೆ. ದಿನಕ್ಕೆ ತಲೆಗೆ 135 ಲೀಟರ್ ಅನ್ನುವ ಸರ್ಕಾರಿ ಅಳತೆಯಲ್ಲಿ ನೋಡಿದರೆ ತಿಂಗಳಿಗೆ ಹದಿನಾರು ಸಾವಿರ ಆಗಬೇಕು. ಅವರು ಮಾತಾಡುತ್ತಿರುವಾಗಲೇ ಹಿಂದೆ ಡ್ರೈವರ್ ಪೈಪು ಹಿಡಿದು ಕಾರು ತೊಳೆದ, ಅಂಗಳ ತೊಳೆದ, ಆಮೇಲೆ ರಸ್ತೆಯನ್ನೂ ತೊಳೆದ. ನಾನು ಆ ಕಡೆ ನೋಡಿದೆ. ಯಜಮಾನರು ನಕ್ಕರು. "ಅದು ಬೋರ್ ನೀರು ಮೇಡಂ. ಕಾವೇರಿ ಅಲ್ಲ."

ಈ ಮಾತನ್ನು ನಾನು ಕೇಳಿದಷ್ಟು ಸಲ ನನ್ನ ಹೆಸರನ್ನೂ ಕೇಳಿರಲಿಕ್ಕಿಲ್ಲ.

ಕಾವೇರಿ ಮೇಲಿನ ಭಕ್ತಿ ಅರ್ಥವಾಗುತ್ತದೆ. ಸುತ್ತಮುತ್ತ ದೊಡ್ಡ ನದಿಯಿಲ್ಲದ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರು ನಮ್ಮದು. ಮೊದಲು ಹೆಸರಘಟ್ಟದಿಂದ ನೀರು ಬಂತು. 1930ರ ದಶಕದಿಂದ ತಿಪ್ಪಗೊಂಡನಹಳ್ಳಿಯಿಂದಲೂ ಬಂತು. ಎರಡೂ ಅರ್ಕಾವತಿಯ ನೀರೇ. ಅದು ಸಾಲದಾದಾಗ, 1974ರಲ್ಲಿ ಕಾವೇರಿ ಮೊದಲ ಹಂತ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪು ಮಾಡಿ, ಸುಮಾರು ನೂರು ಕಿಲೋಮೀಟರ್ ದೂರದಿಂದ, ಹೆಚ್ಚೂಕಡಿಮೆ ಅರ್ಧ ಕಿಲೋಮೀಟರ್ ಮೇಲಕ್ಕೆ ಎತ್ತಿ ತರುತ್ತಾರೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಶುರುವಾಯಿತು. ದಿನಕ್ಕೆ 1,450 ದಶಲಕ್ಷ ಲೀಟರ್ ಬರುತ್ತಿದ್ದ ಊರಿಗೆ ಇನ್ನೂ 775 ದಶಲಕ್ಷ ಲೀಟರ್ ತರುವ ಯೋಜನೆ ಅದು.

ಇಷ್ಟು ಕಷ್ಟಪಟ್ಟು ತಂದ ನೀರಿಗೆ ಮನೆಯವರು ಕೊಡುತ್ತಿದ್ದದ್ದೆಷ್ಟು? 2014ರಿಂದ 2025ರಲ್ಲಿ ದರ ಏರುವ ತನಕ ಮೊದಲ ಎಂಟು ಸಾವಿರ ಲೀಟರಿಗೆ, ಸಾವಿರ ಲೀಟರಿಗೆ 7 ರೂಪಾಯಿ. ಅರ್ಧ ಕಾಫಿಯ ದುಡ್ಡೂ ಅಲ್ಲ. ಆದರೂ ಬಿಲ್ ಅಂತ ಒಂದು ಬರುತ್ತದೆ, ಮೀಟರ್ ಅಂತ ಒಂದು ತಿರುಗುತ್ತದೆ. ಅದಕ್ಕೇ ಜನ ಕಾವೇರಿಯನ್ನು ಹಿಡಿದು ಬಳಸುತ್ತಾರೆ. ಬೋರಿನಲ್ಲಿ ಬಳಸಿದಷ್ಟೂ ಏರುವುದು ಕರೆಂಟ್ ಬಿಲ್ ಮಾತ್ರ. ಅದರಲ್ಲೂ ಫ್ರಿಜ್ಜು, ಗೀಸರು ಎಲ್ಲ ಸೇರಿರುವುದರಿಂದ ನೀರಿನ ಪಾಲು ಎಷ್ಟು ಅಂತ ಗೊತ್ತಾಗುವುದಿಲ್ಲ.

ನಮ್ಮ ಕಾಲ ಕೆಳಗಿರುವುದು ಗಟ್ಟಿ ಕಲ್ಲು. ಹೆಚ್ಚಾಗಿ ಗ್ರಾನೈಟು, ಇಲ್ಲವೇ ನೈಸ್ (gneiss) ಅನ್ನುವ ಪಟ್ಟೆಪಟ್ಟೆ ಬಂಡೆ. ಆ ಆಳದಲ್ಲಿ ಕೆರೆಯೇನೂ ಇಲ್ಲ. ಬಂಡೆಯ ಬಿರುಕುಗಳಲ್ಲಿ ನಿಂತ ನೀರು ಅಷ್ಟೇ. ಆ ಬಿರುಕು ನಿಮ್ಮ ಕಾಂಪೌಂಡ್ ಗೋಡೆ ಬಂತು ಅಂತ ನಿಲ್ಲುವುದಿಲ್ಲ. ನೀವು ಸಾವಿರದ ಇನ್ನೂರು ಅಡಿಗೆ ಇಳಿದರೆ ಪಕ್ಕದ ಮನೆಯ ಎಂಟುನೂರು ಅಡಿಯ ಬೋರಿನಲ್ಲಿ ಬರೀ ಗಾಳಿ ಬರಬಹುದು. ಆಮೇಲೆ ಅವರು ಸಾವಿರದ ಐನೂರಕ್ಕೆ ಹೋಗುತ್ತಾರೆ. 2023ರಲ್ಲಿ ಮಳೆ ಕೈಕೊಟ್ಟಿತು. 2024ರ ಮಾರ್ಚಿನಲ್ಲಿ ಉಪಮುಖ್ಯಮಂತ್ರಿಗಳು ಕೊಟ್ಟ ಲೆಕ್ಕದಂತೆ, ಊರಿನ ಸುಮಾರು 14,000 ಸರ್ಕಾರಿ ಬೋರುಗಳಲ್ಲಿ 6,900 ಒಣಗಿದ್ದವು.

ಆ ಬೇಸಿಗೆಯಲ್ಲಿ ನನ್ನ ಫೋನಿಗೆ ಬಿಡುವೇ ಇರಲಿಲ್ಲ. ವರ್ಷಗಟ್ಟಲೆ ಮಾತಾಡದ ನೆಂಟರು ಕೂಡ ಫೋನ್ ಮಾಡಿ "ಒಂದ್ ಟ್ಯಾಂಕರ್ ಹೇಳ್ಸಮ್ಮ" ಅಂದರು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತು. ಆದರೆ ಜನರನ್ನು ಬದಲಾಯಿಸಿದ್ದು ಟ್ಯಾಂಕರ್ ಅಂತ ನನ್ನ ಅನಿಸಿಕೆ. ಹನ್ನೆರಡು ಸಾವಿರ ಲೀಟರಿನ ಒಂದು ಲೋಡಿಗೆ, ಐದು ಕಿಲೋಮೀಟರ್ ಒಳಗಾದರೆ ಸಾವಿರ ರೂಪಾಯಿ ಅಂತ ಜಿಲ್ಲಾಡಳಿತ ದರ ಕಟ್ಟಿತ್ತು. ಆ ದರಕ್ಕೆ ಸಿಕ್ಕರೂ ಸಾವಿರ ಲೀಟರಿಗೆ 83 ರೂಪಾಯಿ ಬೀಳುತ್ತದೆ. ಆಗ ನೋಡಬೇಕಿತ್ತು. ಬಟ್ಟೆ ಜಾಲಿಸಿದ ನೀರು ಬಚ್ಚಲು ತೊಳೆಯಲಿಕ್ಕೆ ಹೋಯಿತು, ಅಕ್ಕಿ ತೊಳೆದ ನೀರು ಗಿಡಕ್ಕೆ ಹೋಯಿತು. ಯಾರೂ ಭಾಷಣ ಮಾಡಿರಲಿಲ್ಲ.

ಭಾಷಣ ಅಂದಾಗ ಒಂದು ನೆನಪು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ವಾರಕ್ಕೆ ಎರಡು ದಿನ ನೀರು ಬಿಡುವ ಒಂದು ಬಡಾವಣೆಗೆ ಹೋಗಿದ್ದೆ. ಕೈಯಲ್ಲಿ ಪೋಸ್ಟರು. "ಹನಿ ಹನಿ ಉಳಿಸಿ" ಅಂತ ಶುರು ಮಾಡಿದೆ. ಮುಂದೆ ಕೂತಿದ್ದ ಒಬ್ಬ ಅಕ್ಕ ಕೇಳಿದರು. "ದಿನಕ್ಕೆ ಹನ್ನೆರಡು ಬಿಂದಿಗೆ ಮೇಡಂ. ಮನೇಲಿ ಐದು ಜನ. ಇದರಲ್ಲಿ ಯಾವ ಬಿಂದಿಗೆ ಉಳಿಸಲಿ?" ಹದಿನೈದು ಲೀಟರಿನ ಬಿಂದಿಗೆ ಅಂದುಕೊಳ್ಳಿ. ತಲೆಗೆ 36 ಲೀಟರ್. ಆ ಅಕ್ಕನಿಗೆ ಮೀಟರ್ ಬೇಕಿರಲಿಲ್ಲ, ಸೊಂಟವೇ ಲೆಕ್ಕ ಇಡುತ್ತಿತ್ತು. ಪೋಸ್ಟರ್ ಮಡಚಿಕೊಂಡು ಬಂದೆ. ಅಂಥ ಕಡೆ ಆ ಭಾಷಣ ಮತ್ತೆ ಮಾಡಿಲ್ಲ. ಮಾಡು ಅಂದರೂ ಮಾಡುವುದಿಲ್ಲ.

ಮಳೆ ನೀರಿಗೂ ಬಿಲ್ ಇಲ್ಲ, ಅದರದೂ ಬೋರಿನದೇ ಕಥೆ. 2009ರಿಂದ ಕಾನೂನು ಇದೆ. 60×40 ಅಡಿ ಸೈಟಿನ, ಅದಕ್ಕೂ ದೊಡ್ಡ ಸೈಟಿನ ಹಳೆಯ ಮನೆಗಳು, 30×40 ಮತ್ತು ಅದಕ್ಕೂ ದೊಡ್ಡ ಸೈಟಿನ ಹೊಸ ಮನೆಗಳು ಮಳೆಕೊಯ್ಲು ಮಾಡಲೇಬೇಕು. ಮಾಡದಿದ್ದರೆ ಬಿಲ್ಲಿನ ಮೇಲೆ ಮೊದಲ ಮೂರು ತಿಂಗಳು ಶೇ 25, ಆಮೇಲೆ ಶೇ 50 ದಂಡ ಅಂತ 2016ರಲ್ಲಿ ಬಂತು. ಆ ದರದಲ್ಲೇ ಲೆಕ್ಕ ಹಾಕಿ. ಬಿಲ್ 400 ಬಂದರೆ ದಂಡ 200. ವರ್ಷಕ್ಕೆ 2,400. ಪೈಪು, ಫಿಲ್ಟರು, ಇಂಗುಗುಂಡಿ ಎಲ್ಲ ಸೇರಿ ಇಪ್ಪತ್ತೈದು ಸಾವಿರ ಆದರೆ ದಂಡವೇ ಅಗ್ಗ! ಜನ ದಡ್ಡರಲ್ಲ. ದಂಡ ಕಟ್ಟಿಕೊಂಡು ಆರಾಮಾಗಿದ್ದಾರೆ. ಇನ್ನು ಕೆಲವರು ಇನ್ನೂ ಜಾಣರು. ಒಂದು ಮನೆಯಲ್ಲಿ ಹೊಚ್ಚ ಹೊಸ ನೀಲಿ ಡ್ರಮ್ಮು, ಜಲ್ಲಿ, ಮರಳು, ಎಲ್ಲ ಇತ್ತು. ತಾರಸಿಯಿಂದ ಇಳಿದ ಪೈಪನ್ನು ಕಣ್ಣಲ್ಲೇ ಹಿಂಬಾಲಿಸಿದೆ. ಅದು ಡ್ರಮ್ಮಿನ ಹಿಂದೆ ಹಾದು ಸೀದಾ ಚರಂಡಿಗೆ ಹೋಗಿತ್ತು. ಫೋಟೋಗೆ ಅಂತ ಕಟ್ಟಿಸಿದ್ದ ಮಳೆಕೊಯ್ಲು.

ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಮಳೆ. ಸಾವಿರದ ಇನ್ನೂರು ಚದರಡಿಯ ಸೈಟಿನ ಮೇಲೆ ಬೀಳುವುದು ಒಂದು ಲಕ್ಷ ಲೀಟರಿಗೂ ಮೇಲೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಎ.ಆರ್. ಶಿವಕುಮಾರ್ ಅವರು ವಿಜಯನಗರದ ತಮ್ಮ ಮನೆಗೆ ನಲ್ಲಿ ಸಂಪರ್ಕವನ್ನೇ ಪಡೆಯದೆ 1995ರಿಂದ ಮಳೆ ನೀರಿನಲ್ಲೇ ಸಂಸಾರ ನಡೆಸಿದವರು. ಎಲ್ಲರಿಗೂ ಅದು ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಜಯನಗರದ ಮಳೆನೀರು ಸುಗ್ಗಿ ಕೇಂದ್ರಕ್ಕೆ ಒಂದು ದಿನ ಹೋಗಿ ಮಾದರಿಗಳನ್ನು ನೋಡಿ ಬಂದರೆ, ಕನಿಷ್ಠ ಪ್ಲಂಬರ್ ಮೋಸ ಮಾಡಿದ್ದು ಗೊತ್ತಾಗುತ್ತದೆ. ಬಾವಿ ತೋಡುವ ಮಣ್ಣು ವಡ್ಡರು ಈಗಲೂ ಊರ ಸುತ್ತ ಇದ್ದಾರೆ. ಅವರ ಕೈಯಲ್ಲಿ ಮೂರಡಿ ಅಗಲ, ಇಪ್ಪತ್ತಡಿ ಆಳದ ಇಂಗುಬಾವಿ ತೋಡಿಸಬಹುದು. ಕಬ್ಬನ್ ಪಾರ್ಕಿನಲ್ಲಿ ಹೂಳು ತುಂಬಿದ್ದ ಹಳೆ ಬಾವಿಗಳಿಗೆ ಮತ್ತೆ ನೀರು ತರಿಸಿದವರು ಅವರೇ. ಸಾವಿರ ಅಡಿಯಲ್ಲಿ ಸಿಗದ ನೀರು ಮೂವತ್ತು ಅಡಿಯಲ್ಲಿ ಕಂಡಾಗ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಮನೆಯವರನ್ನಷ್ಟೇ ಬೈದರೆ ತಪ್ಪಾಗುತ್ತದೆ. ಊರಿಗೆ ಪಂಪಾಗಿ ಬರುವ ನೀರಿನಲ್ಲೂ ಹೆಚ್ಚೂಕಡಿಮೆ ಕಾಲು ಭಾಗಕ್ಕೆ ಬಿಲ್ ಇಲ್ಲ. ಒಂದಿಷ್ಟು ಸೋರಿಕೆ, ಒಂದಿಷ್ಟು ಕಳ್ಳ ಸಂಪರ್ಕ, ಒಂದಿಷ್ಟು ಮುದಿ ಮೀಟರು. ರಾತ್ರಿ ಎರಡು ಗಂಟೆಗೆ ರಸ್ತೆಯ ಸದ್ದು ಅಡಗಿದ ಮೇಲೆ ಪೈಪಿಗೆ ಕಬ್ಬಿಣದ ಸಲಾಕೆ ಆನಿಸಿ, ಇನ್ನೊಂದು ತುದಿಗೆ ಕಿವಿಯಿಟ್ಟು ಸೋರಿಕೆ ಹುಡುಕುವ ಹಳಬರಿದ್ದಾರೆ. ಒಮ್ಮೆ ನನಗೂ ಕೇಳಿಸಿದರು. ಕುಕ್ಕರ್ ವಿಷಲ್ ಹಾಕುವ ಮುಂಚೆ ಸುಯ್ ಅನ್ನುತ್ತದಲ್ಲ, ಹಾಗಿತ್ತು. ಟಾರಿನ ಮೇಲೆ ಒಂದು ಹನಿ ತೇವ ಇರಲಿಲ್ಲ.

ಇಷ್ಟೆಲ್ಲ ಹೇಳುವ ನನ್ನ ಮನೆಯ ಫ್ಲಶ್ ತಿಂಗಳುಗಟ್ಟಲೆ ಸೋರುತ್ತಿತ್ತು. ಸದ್ದಿಲ್ಲ, ಹನಿ ಕಾಣುವುದಿಲ್ಲ. ಬೇರೆಯವರಿಗೆ ಹೇಳಿಕೊಡುವ ಪರೀಕ್ಷೆಯನ್ನು ಒಂದು ರಾತ್ರಿ ಸುಮ್ನೆ ಮನೆಯಲ್ಲೂ ಮಾಡಿದೆ. ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಫ್ಲಶ್ ಟ್ಯಾಂಕಿಗೆ ಬಿಟ್ಟು, ಅರ್ಧ ಗಂಟೆ ಯಾರೂ ಹೋಗಬೇಡಿ ಅಂದೆ. ಕಮೋಡಿನೊಳಗೆ ತೆಳ್ಳಗೆ ನೀಲಿ ಗೆರೆ ಇಳಿದಿತ್ತು. ನಮ್ಮ ಯಜಮಾನರು ಬಾಗಿಲಲ್ಲಿ ನಿಂತು "ಏನ್ ಮೇಡಂ, ನಿಮ್ಮ ಆಫೀಸಿಗೆ ಕಂಪ್ಲೇಂಟ್ ಕೊಡ್ಲಾ?" ಅಂದರು. ವಾಷರ್ ಬದಲಿಸಿದ್ದಕ್ಕೆ ಆದ ಖರ್ಚು ನೂರು ರೂಪಾಯಿ ಒಳಗೆ.

ಇಷ್ಟು ದಿನ ಯಾಕೆ ಗೊತ್ತಾಗಲಿಲ್ಲ ಅಂದರೆ, ನಮ್ಮ ಅಪಾರ್ಟ್‌ಮೆಂಟಿನಲ್ಲಿ ನೀರಿನ ಖರ್ಚನ್ನು ಚದರಡಿ ಲೆಕ್ಕದಲ್ಲಿ ಹಂಚುತ್ತಾರೆ. ಇಬ್ಬರೇ ಇರುವ ಮೂರು ಬೆಡ್‌ರೂಮಿನವರು ಜಾಸ್ತಿ ಕಟ್ಟುತ್ತಾರೆ, ಆರು ಜನ ಇರುವ ಎರಡು ಬೆಡ್‌ರೂಮಿನವರು ಕಡಿಮೆ. ಅಮೆರಿಕದಲ್ಲಿ ಮಗಳ ಬಾಣಂತನಕ್ಕೆ ಹೋಗಿ ಆರು ತಿಂಗಳು ಬೀಗ ಹಾಕಿದವರೂ ಕಟ್ಟುತ್ತಾರೆ. ಯಾರು ಎಷ್ಟು ಬಳಸಿದರು ಅಂತ ದೇವರಿಗೇ ಗೊತ್ತು. ಮನೆಗೊಂದು ಮೀಟರ್ ಹಾಕಿಸೋಣ ಅಂತ ಅಸೋಸಿಯೇಷನ್ ಸಭೆಯಲ್ಲಿ ಎರಡು ವರ್ಷದಿಂದ ಹೇಳುತ್ತಿದ್ದೇನೆ. ನಕ್ಷೆ ತೋರಿಸಿದೆ, ಲೆಕ್ಕ ತೋರಿಸಿದೆ, ನನ್ನ ಫ್ಲಶ್ ಕಥೆಯನ್ನೂ ನಾಚಿಕೆ ಬಿಟ್ಟು ಹೇಳಿದೆ. ಎಲ್ಲರೂ ನಕ್ಕರು, ಚಪ್ಪಾಳೆಯನ್ನೂ ತಟ್ಟಿದರು.

ಹೋದ ಭಾನುವಾರ ನಾಲ್ಕನೇ ಸಲ ವಿಷಯ ಮುಂದಕ್ಕೆ ಹೋಯಿತು. ಈ ಸಲ ಬೇಡ ಅಂದವರು ನನ್ನ ಎದುರು ಮನೆಯವರು. "ನಮ್ಮಲ್ಲಿ ಬೋರ್ ಇದೆಯಲ್ಲ ಮೇಡಂ, ಮೀಟರ್ ಯಾಕೆ ಸುಮ್ನೆ?" ಅಂದರು.