ಎಲ್ಲಿ ಅಂತ ಕೇಳಬ್ಯಾಡ್ರಿ, ಎಷ್ಟೊತ್ತಿಗೆ ಅಂತ ಕೇಳ್ರಿ

ಬಳ್ಳಾರಿಗೆ ಬರ್ತಿದೀನಿ, ಒಳ್ಳೆ ಹೋಟೆಲ್ ಯಾವ್ದು ಹೇಳು ಅಂತ ಬೆಂಗಳೂರಿಂದ ಯಾರಾದ್ರೂ ಫೋನ್ ಮಾಡಿದ್ರೆ ನಂಗೆ ಸ್ವಲ್ಪ ಇಕ್ಕಟ್ಟು. ಹೋಟೆಲ್‌ಗೇನು ಬರ ಇಲ್ಲ, ರಾಯಲ್ ಸರ್ಕಲ್ ಸುತ್ತ ಒಂದು ರೌಂಡ್ ಹಾಕಿದ್ರೆ ಎಸಿ ಇರೋದು, ಎಸಿ ಇದ್ದೂ ಕೆಟ್ಟಿರೋದು, ಫ್ಯಾನೂ ಇಲ್ಲದ್ದು ಎಲ್ಲಾ ಸಿಗ್ತಾವೆ, ಆದ್ರೆ ಆ ಪ್ರಶ್ನೆನೇ ನಮ್ಮೂರಿಗೆ ಹೊಂದಲ್ಲ ನೋಡ್ರಿ. ಇಲ್ಲಿ ಯಾವಾಗ ಏನು ತಿನ್ನಬೇಕು ಅಂತ ತೀರ್ಮಾನ ಮಾಡೋನು ಮೇಲಿರೋ ಸೂರ್ಯಪ್ಪ. ಬೆಳಿಗ್ಗೆ ಏಳಕ್ಕೆ ಸಿಗೋದು ಹತ್ತಕ್ಕೆ ಹೋದ್ರೆ ಸಿಗಲ್ಲ, ಮಧ್ಯಾಹ್ನ ಎರಡಕ್ಕೆ ಹೋದ್ರೆ ಬಂಡಿ ನಿಂತಿದ್ದ ಜಾಗದಲ್ಲಿ ನಾಯಿ ಮಲಗಿರುತ್ತೆ, ಸಾಯಂಕಾಲ ಆರಕ್ಕೆ ಅದೇ ನಾಯಿನ ಎಬ್ಬಿಸಿ ಅಲ್ಲೇ ಎಣ್ಣೆ ಬಾಣಲಿ ಇಟ್ಟಿರ್ತಾರೆ. ಅದಕ್ಕೇ ನಾನು ತಿರುಗಿ ಕೇಳೋದು ಒಂದೇ, ಎಷ್ಟೊತ್ತಿಗೆ ಬರ್ತೀಯಪ್ಪ?

ಇನ್ನೊಂದು ತೊಂದರೆ ಏನಂದ್ರೆ ನಮ್ಮೂರ ಹೆಸರಲ್ಲಿ ಒಂದು ತಿಂಡಿ ಅಂತ ಇಲ್ಲ. ಧಾರವಾಡಕ್ಕೆ ಪೇಡೆ ಐತಿ, ಗೋಕಾಕಕ್ಕೆ ಕರದಂಟು, ಬೆಳಗಾವಿಗೆ ಕುಂದಾ, ಪಕ್ಕದ ದಾವಣಗೆರೆಯವ್ರಂತೂ ಬೆಣ್ಣೆದೋಸೆ ಬೋರ್ಡ್ ಹಾಕ್ಕೊಂಡು ಎಲ್ಲಾ ಊರಿಗೂ ಹೋಗಿ ಕೂತಿದಾರೆ. ನಮ್ಮೂರ ಹೆಸರು ಹೊತ್ತುಕೊಂಡು ನಾಡೆಲ್ಲಾ ಹಬ್ಬಿರೋದು ಬಳ್ಳಾರಿ ಜಾಲಿ, ಅದನ್ನ ಮೇಕೆ ಬಿಟ್ರೆ ಯಾರೂ ತಿನ್ನಲ್ಲ. ತಮಿಳುನಾಡಿನ ಮಾರ್ಕೆಟ್ಟಲ್ಲಿ ದಪ್ಪ ಉಳ್ಳಾಗಡ್ಡಿಗೆ ಬಳ್ಳಾರಿ ವೆಂಗಾಯಂ ಅಂತಾರೆ, ಅದೊಂದೇ ಸಮಾಧಾನ. ಹೊರಗಿನವ್ರು ಫೇಮಸ್ ಐಟಂ ಏನು ಅಂತ ಕೇಳಿದಾಗ ಉಳ್ಳಾಗಡ್ಡಿ ಅನ್ನೋಕಾಗುತ್ತಾ.

ಸರಿ, ಬೆಳಿಗ್ಗೆ ಬಂದ್ರಿ ಅಂದ್ಕೊಳ್ಳೋಣ. ಹಾಗಾದ್ರೆ ಒಗ್ಗರಣಿ. ಬರೀ ಒಗ್ಗರಣಿ ಅಂದ್ರೆ ನಮ್ಮ ಕಡೆ ಸಾರಿಗೆ ಹಾಕೋದು ಅಂತ ಯಾರೂ ತಿಳ್ಕೊಳ್ಳಲ್ಲ, ಮಂಡಕ್ಕಿದು, ಪ್ಲೇಟಲ್ಲಿ ಬರೋದು, ಪಕ್ಕದಲ್ಲಿ ಮಿರ್ಚಿ ಇರಲೇಬೇಕಾದ್ದು. ಮಾಡೋದನ್ನ ನಿಂತು ನೋಡ್ರಿ ಒಂದ್ಸಲ. ನಾನು ಹೋಗೋ ಬಂಡಿ ಅಕ್ಕ ಒಂದು ಬಕೆಟ್ ನೀರು ಇಟ್ಕೊಂಡಿರ್ತಾಳೆ, ಮೊರ ತುಂಬ ಮಂಡಕ್ಕಿ ತಂದು ಅದರೊಳಗೆ ಸುರಿದು ಅಂಗೈಯಿಂದ ಒಮ್ಮೆ ಒತ್ತಿ ಮುಳುಗಿಸ್ತಾಳೆ, ತಕ್ಷಣ ಎರಡೂ ಕೈಲಿ ಬಾಚಿ ಹಿಂಡಿ ಪಕ್ಕದ ಬುಟ್ಟಿಗೆ. ಅಷ್ಟೇ. ಆ ಒತ್ತೋದಕ್ಕೂ ಹಿಂಡೋದಕ್ಕೂ ನಡುವೆ ಇರೋ ಟೈಮ್ ಅಕ್ಕನಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ, ಸ್ವಲ್ಪ ತಡ ಆದ್ರೆ ಗಂಜಿ, ಸ್ವಲ್ಪ ಬೇಗ ಆದ್ರೆ ಹಲ್ಲಿಗೆ ಕೆಲಸ. ಒಲೆ ಮೇಲೆ ಅಗಲ ಬಾಣಲಿಯಲ್ಲಿ ಸಾಸಿವೆ ಕರಿಬೇವು ಚಟಪಟ ಅಂದು, ಉಳ್ಳಾಗಡ್ಡಿ ಬಾಡಿ, ಕುಟ್ಟಿದ ಹಸಿಮೆಣಸಿನಕಾಯಿ ಬಿದ್ದಾಗ ಸುತ್ತ ನಿಂತಿರೋರೆಲ್ಲಾ ಒಟ್ಟಿಗೆ ಕೆಮ್ಮಬೇಕು, ಕೆಮ್ಮದಿದ್ರೆ ಖಾರ ಕಮ್ಮಿ ಅಂತ ಅರ್ಥ. ಆಮೇಲೆ ಟೊಮ್ಯಾಟೊ, ಅರಿಶಿನ, ಉಪ್ಪು, ಹಿಂಡಿದ ಮಂಡಕ್ಕಿ, ಕೊನೆಗೆ ಪುಟಾಣಿ ಹಿಟ್ಟು ಉದುರಿಸಿ ತಿರುವಿ ಹಾಕ್ತಾಳೆ. ಮಂಡಕ್ಕಿಯೊಳಗೆ ಉಳಿದ ನೀರನ್ನ ಆ ಹಿಟ್ಟು ಹೀರಿಕೊಂಡು ಉದುರುದುರಾಗುತ್ತೆ, ರುಚಿಯೂ ಅದರದ್ದೇ. ಪುಟಾಣಿ ಹಿಟ್ಟಲ್ಲಿ ಕಂಜೂಸ್ ಮಾಡೋ ಬಂಡಿಗೆ ನಾನು ಎರಡನೇ ಸಲ ಹೋಗಲ್ಲ.

ಈ ತಿಂಡಿ ಯಾಕೆ ಈ ಊರಲ್ಲಿ ಇಷ್ಟು ಗಟ್ಟಿ ಕೂತಿದೆ ಅಂದ್ರೆ ನನ್ನ ಪ್ರಕಾರ ಅದೂ ಬಿಸಿಲಿಂದಾನೇ. ಏಪ್ರಿಲ್ ಮೇನಲ್ಲಿ ಇಲ್ಲಿ ನಲವತ್ತು ಡಿಗ್ರಿ ದಾಟೋದು ಸುದ್ದಿನೇ ಅಲ್ಲ, ಬಳ್ಳಾರಿಗೆ ಎರಡೇ ಕಾಲ, ಒಂದು ಬೇಸಿಗೆ ಇನ್ನೊಂದು ಬಿರುಬೇಸಿಗೆ ಅಂತ ಹಳೇ ಜೋಕೇ ಇದೆ. ಆ ಸೆಖೆಯಲ್ಲಿ ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗಾಗೋದ್ರೊಳಗೆ ಹುಳಿ ಬಂದು ಪಾತ್ರೆಯಿಂದ ಹೊರಗೆ ಕಾಲಿಟ್ಟಿರುತ್ತೆ. ಮಂಡಕ್ಕಿಗೆ ಆ ಕಷ್ಟ ಇಲ್ಲ. ಭಟ್ಟಿಯಲ್ಲಿ ಕಾದ ಮರಳಲ್ಲಿ ಹುರಿದಾಗಲೇ ಅದರ ಬೇಯೋ ಕೆಲಸ ಮುಗಿದಿರುತ್ತೆ, ಚೀಲದಲ್ಲಿ ಒಣಗಿಕೊಂಡು ಎಷ್ಟು ದಿನ ಬೇಕಾದ್ರೂ ಕೂತಿರುತ್ತೆ, ಬೇಕಾದಾಗ ನೀರಿಗೆ ಹಾಕಿ ಹಿಂಡಿ ಐದು ನಿಮಿಷ ಒಲೆ ಮುಂದೆ ನಿಂತ್ರೆ ತಿಂಡಿ ರೆಡಿ. ಒಲೆ ಮುಂದೆ ಐದೇ ನಿಮಿಷ ಅನ್ನೋದು ಎಂಥಾ ವರ ಅಂತ ಮೇ ತಿಂಗಳಲ್ಲಿ ಬಳ್ಳಾರಿಯ ಯಾವ ಹೆಣ್ಣುಮಗಳನ್ನ ಕೇಳಿದ್ರೂ ಹೇಳ್ತಾಳೆ.

ಗುಂತಕಲ್, ಅನಂತಪುರ ಕಡೆ ಹೋದ್ರೆ ಇದೇ ಒಗ್ಗರಣಿ ಉಗ್ಗಾಣಿ ಅಂತ ಹೆಸರು ಬದಲಾಯಿಸಿಕೊಂಡು ಅದೇ ಮೆಣಸಿನಕಾಯಿ ಬಜ್ಜಿ ಜೊತೆ ಸಿಗುತ್ತೆ. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಆದಾಗ ಮದ್ರಾಸಿಂದ ಬಳ್ಳಾರಿ ಬಿಡಿಸಿ ಮೈಸೂರಿಗೆ ಕೊಟ್ರು, ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದ್ವು. ಅದಕ್ಕೆ ಮುಂಚೆ ಬಳ್ಳಾರಿ ಯಾರದ್ದು ಅಂತ ಕಮಿಷನ್, ವಾದ, ಜಗಳ ಎಲ್ಲಾ ಆಗಿತ್ತು. ಗಡಿ ಬಿತ್ತು, ಬಾಣಲಿಗಳು ಮಾತ್ರ ಒಂದೇ ಉಳಿದ್ವು. ಇವತ್ತಿಗೂ ನಮ್ಮೂರ ಬಂಡಿ ಮುಂದೆ ಒಬ್ರು ಕನ್ನಡದಲ್ಲಿ ಆರ್ಡರ್ ಮಾಡಿದ್ರೆ ಇನ್ನೊಬ್ರು ತೆಲುಗಲ್ಲಿ ಚಟ್ನಿ ಕೇಳ್ತಾರೆ, ಅಕ್ಕ ಇಬ್ರಿಗೂ ಇನ್ನೊಂದು ಭಾಷೆಯಲ್ಲೇ ಬೈತಾಳೆ.

ಹತ್ತು ಗಂಟೆ ಆಯ್ತೋ, ಬಂಡಿ ತೊಳೆದು ಹೊರಟ್ಲು. ಆಮೇಲೆ ಬಂದು ಏನಿದೆ ಅಂದ್ರೆ "ಎಲ್ಲಿದ್ರಿ ಅಣ್ಣ ಇಷ್ಟೊತ್ತು" ಅಂತಾಳೆ, ನಾವೇ ಏನೋ ಆಫೀಸಿಗೆ ಲೇಟಾಗಿ ಬಂದಂಗೆ.

ಮಧ್ಯಾಹ್ನ ಬೇರೆ ಲೋಕ. ಒಂದರಿಂದ ನಾಲ್ಕರ ತನಕ ಬ್ರೂಸ್‌ಪೇಟೆಯಲ್ಲಿ ಅರ್ಧ ಶಟರ್ ಎಳೆದು ಒಳಗೆ ಮಲಗಿರೋ ಅಂಗಡಿಗಳೇ ಜಾಸ್ತಿ. ಈ ಹೊತ್ತಲ್ಲಿ ತಲೆ ಇದ್ದೋನು ಹೊರಗೆ ನಿಂತು ತಿನ್ನಲ್ಲ, ಖಾನಾವಳಿ ಹೊಕ್ಕೊಂಡು ಗೋಡೆ ಕಡೆ ಕೂರ್ತಾನೆ. ಒಳಗೆ ಹೋಗೋಕೆ ಮುಂಚೆ ಕಿವಿ ಕೊಡ್ರಿ, ಹಿಂದಿನ ಕೋಣೆಯಿಂದ ಪಟ್ ಪಟ್ ಪಟ್ ಅಂತ ಸದ್ದು ಬಂದ್ರೆ ಆ ಖಾನಾವಳಿ ಸರಿ, ಸದ್ದಿಲ್ಲ ಅಂದ್ರೆ ರೊಟ್ಟಿ ಬೆಳಿಗ್ಗೆ ಮಾಡಿಟ್ಟಿದ್ದು, ಹೊರಟು ಬರ್ರಿ. ಜೋಳದ ಹಿಟ್ಟಿಗೆ ಗೋಧಿಗಿರೋ ಜಿಗುಟು ಇಲ್ಲ, ಕುದಿಯೋ ನೀರು ಹಾಕಿ ನಾದಿ ಬಿಸಿ ಇರೋವಾಗಲೇ ತಟ್ಟಬೇಕು, ತಣ್ಣಗಾದ್ರೆ ಅಂಚು ಬಿರಿಯುತ್ತೆ. ಕೈ ಮೇಲೆ ತಿರುಗಿಸ್ತಾ ತಿರುಗಿಸ್ತಾ ಅಂಗೈ ಅಗಲ ಇದ್ದದ್ದು ತಟ್ಟೆ ಅಗಲ ಆಗಿ, ಹೆಂಚಿನ ಮೇಲೆ ಬಿದ್ದು, ಮೇಲೆ ನೀರು ಸವರಿಸಿಕೊಂಡು, ಮಗುಚಿದ ಮೇಲೆ ಉಸಿರು ತಗೊಂಡು ಉಬ್ಬುತ್ತೆ ನೋಡ್ರಿ, ಅದನ್ನ ಉಬ್ಬಿದಂಗೇ ತಟ್ಟೆಗೆ ತಂದು ಹಾಕೋ ಅಮ್ಮಂದಿರು ಇನ್ನೂ ಇದಾರೆ. ಜೊತೆಗೆ ಎಣ್ಣೆಗಾಯಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಹಸಿ ಉಳ್ಳಾಗಡ್ಡಿ, ಮೊಸರು. ದೇವರ ದಯೆ ಇದ್ರೆ ಪುಂಡಿಪಲ್ಯ. ಎಷ್ಟು ರೊಟ್ಟಿ ತಿಂದ್ರಿ ಅಂತ ಲೆಕ್ಕ ಇಡೋದು ನಮ್ಮ ಕೆಲಸ ಅಲ್ಲ, "ಇನ್ನೊಂದ್ ಹಾಕ್ಲೇನ್ರಿ" ಅಂತ ಕೇಳ್ತಾನೇ ಹಾಕಿರ್ತಾರೆ.

ರೊಟ್ಟಿ ಮುಗಿದ ಮೇಲೆ ಅನ್ನ. ಇದು ನಮ್ಮ ತಾತನ ಕಾಲದಲ್ಲಿ ಹಬ್ಬದ ದಿನದ ಮಾತು. ಎರೆ ಹೊಲದಲ್ಲಿ ಜೋಳ ಬೆಳೀತಿದ್ದ ಸೀಮೆ ಇದು, 1953ರಲ್ಲೇ ತುಂಗಭದ್ರಾ ಡ್ಯಾಮೂ ಮುಗೀತು, ಕಾಲುವೆ ನೀರು ಬಂದು ಸಿರುಗುಪ್ಪ, ಗಂಗಾವತಿ ಕಡೆ ಕಣ್ಣು ಹಾಯೋ ತನಕ ಭತ್ತದ ಗದ್ದೆ ಆಯ್ತು, ಸೋನಾಮಸೂರಿ ಬಂತು, ರೈಸ್ ಮಿಲ್ ಬಂದ್ವು. ಒಂದೇ ತಟ್ಟೆಯಲ್ಲಿ ಮೊದಲು ಮಳೆ ನೆಚ್ಚಿದ ಹೊಲ ಆಮೇಲೆ ಕಾಲುವೆ ಗದ್ದೆ, ನಡುವೆ ಕೈ ತೊಳೆಯೋ ಬ್ರೇಕೂ ಇಲ್ಲ. ಕೆಲವರು ಆಂಧ್ರ ಮೆಸ್ಸೇ ಬೇಕು, ಪಪ್ಪು ತುಪ್ಪ ಪುಡಿ ಅಂತ ಆ ಕಡೆ ಹೋಗ್ತಾರೆ, ಹೋಗ್ಲಿ, ಅವ್ರ ಜೊತೆ ನಂಗೇನು ಜಗಳ ಇಲ್ಲ, ಆದ್ರೆ ಮೇ ತಿಂಗಳ ಮಧ್ಯಾಹ್ನ ಅಷ್ಟು ಅನ್ನ ತಿಂದೋನು ಆಮೇಲೆ ಏನು ಕೆಲಸ ಮಾಡ್ತಾನೆ ಅನ್ನೋದು ಮಾತ್ರ ನೋಡಬೇಕು.

ಊಟ ಆದ್ಮೇಲೆ ಬಾಯಾರಿಕೆಗೆ ನನ್ನಾರಿ. ಸೊಗದೆ ಬೇರಿನ ಶರಬತ್ತು, ನಿಂಬೆಹಣ್ಣು ಹಿಂಡಿ ಸೋಡಾ ಹಾಕಿ ಕೊಡ್ತಾರೆ, ಮಣ್ಣಿಗೆ ಮೊದಲ ಮಳೆ ಬಿದ್ದಾಗಿನ ವಾಸನೆ ಅದಕ್ಕೆ. ಮಜ್ಜಿಗೆ, ಕಬ್ಬಿನ ಹಾಲು ಇದ್ದದ್ದೇ.

ಈಗ ಮುಖ್ಯ ವಿಷಯ, ಸಾಯಂಕಾಲ. ಹೊತ್ತು ಇಳಿದು ಏಕಶಿಲೆಯಂಥ ಕೋಟೆ ಗುಡ್ಡ ಇಡೀ ದಿನ ಕುಡಿದ ಕಾವನ್ನ ಊರ ಮೇಲೆ ವಾಪಸ್ ಬಿಡೋಕೆ ಶುರು ಮಾಡಿದಾಗ, ಮನೆ ಒಳಗೆ ಕೂರೋಕಾಗದ ಜನ ಎಲ್ಲಾ ರೋಡಿಗೆ ಬರ್ತಾರೆ. ಬಂದವ್ರು ತಣ್ಣಗಿರೋದೇನಾದ್ರೂ ತಿಂತಾರೆ ಅಂತ ಹೊಸಬ್ರು ಅಂದ್ಕೊತಾರೆ. ಇಲ್ಲ ಸ್ವಾಮಿ, ಮಿರ್ಚಿ ತಿಂತಾರೆ. ಕುದಿಯೋ ಎಣ್ಣೆಯಿಂದ ಆಗಷ್ಟೇ ತೆಗೆದಿದ್ದು, ಉದ್ದನೆ ಹಸಿರು ಮೆಣಸಿನಕಾಯಿ, ಹೊಟ್ಟೆ ಸೀಳಿ ಜೀರಿಗೆ ಓಂಕಾಳು ಉಪ್ಪು ಹುಣಸೆಹಣ್ಣು ಅರೆದು ತುಂಬಿದ್ದು. ಮೇಲೆ ಬಿಸಿ ಚಹಾ ಬೇರೆ. ಒಬ್ಬ ಮಂಗಳೂರಿನ ಗೆಳೆಯ ಇದನ್ನ ನೋಡಿ ನಿಮ್ಗೆಲ್ಲಾ ಏನಾಗಿದೆ ಅಂತ ಕೇಳಿದ್ದ. ಆಗಿರೋದು ಏನೂ ಇಲ್ಲ, ಲೆಕ್ಕ ಸರಿ ಇದೆ. ಮೆಣಸಿನಕಾಯಿ ಖಾರ ನಾಲಿಗೆಗೆ ಬಿದ್ರೆ ಮೈಗೆ ಬಿಸಿ ತಾಗಿದಂಗೇ ಅನ್ಸುತ್ತೆ, ಮೈ ಬೆವರು ಬಿಡುತ್ತೆ, ನಮ್ಮೂರ ಒಣ ಗಾಳಿಗೆ ಆ ಬೆವರು ಥಟ್ಟನೆ ಆರುತ್ತೆ, ಆರುವಾಗ ಮೈ ಕಾವನ್ನೂ ತಗೊಂಡು ಹೋಗುತ್ತೆ. ಹಣೆ ಮೇಲೆ ಬೆವರು ಮೂಡಿ ಗಾಳಿ ತಾಗಿದ ಆ ಎರಡು ನಿಮಿಷ ಇದೆಯಲ್ಲ, ಬಳ್ಳಾರಿಯ ಏರ್ ಕಂಡೀಷನ್ ಅದೇ. ಮಂಗಳೂರಲ್ಲಿ ಇದು ನಡೆಯಲ್ಲ, ಅಲ್ಲಿ ಗಾಳಿನೇ ಒದ್ದೆ, ಬೆವರು ಬಂದ ಜಾಗದಲ್ಲೇ ನಿಂತಿರುತ್ತೆ. ಇಷ್ಟು ವಿವರಿಸಿದ್ಮೇಲೆ ಅವನು ಒಂದು ಕಚ್ಚಿದ, ಕಣ್ಣಲ್ಲಿ ನೀರು ಬಂತು, ಬೆವರು ಬರೋಕೆ ಮುಂಚೆನೇ ಐಸ್‌ಕ್ರೀಮ್ ಕೇಳಿದ.

ಮಿರ್ಚಿ ತಿನ್ನೋದ್ರಲ್ಲೂ ಪಂಗಡ ಇದಾವೆ. ಬುಡದಿಂದ ಶುರು ಮಾಡೋರು, ತುದಿಯಿಂದ ಶುರು ಮಾಡೋರು, ಹಿಟ್ಟು ಸುಲಿದು ತಿಂದು ಮೆಣಸಿನಕಾಯಿನ ಪ್ಲೇಟಲ್ಲಿ ಬಿಟ್ಟು ಎದ್ದು ಹೋಗೋರು. ಕೊನೆಯವ್ರನ್ನ ಬಂಡಿಯವ್ರು ಏನೂ ಅನ್ನಲ್ಲ, ಆದ್ರೆ ಮುಂದಿನ ಸಲ ಅವ್ರಿಗೆ ಕೇಳದೇ ಆಲೂಬಜ್ಜಿ ಹಾಕ್ತಾರೆ. ಕಟ್ ಮಿರ್ಚಿ ಅಂತ ಇನ್ನೊಂದಿದೆ, ಕರಿದಿದ್ದನ್ನ ತುಂಡು ಮಾಡಿ ಮತ್ತೆ ಕರಿಯೋದು, ಗರಿಗರಿ ಆಗುತ್ತೆ ಸರಿ, ಆದ್ರೆ ಒಳಗಿನ ರಸ ಎಲ್ಲಾ ಎಣ್ಣೆಪಾಲು. ನಂಗೆ ಇಷ್ಟ ಇಲ್ಲ.

ರಾತ್ರಿ ಬಗ್ಗೆ ಜಾಸ್ತಿ ಹೇಳೋದಿಲ್ಲ. ಕೌಲ್ ಬಜಾರ್ ಕಡೆ ಬಿರಿಯಾನಿ, ರಂಜಾನ್ ತಿಂಗಳಲ್ಲಿ ಆ ರೋಡುಗಳು ಮಲಗೋದೇ ಇಲ್ಲ. ಮಿಕ್ಕ ಕಡೆ ಎಗ್ ರೈಸ್, ಗೋಬಿ, ಎಲ್ಲಾ ಊರಲ್ಲೂ ಇರೋದೇ. ಗೋಬಿ ಮಾತ್ರ 2024ರ ಮಾರ್ಚಲ್ಲಿ ಸರ್ಕಾರ ಬಣ್ಣ ಹಾಕಬಾರ್ದು ಅಂದ್ಮೇಲೆ ಸ್ವಲ್ಪ ದಿನ ಮುಖ ಬಿಳಿಚಿಕೊಂಡಿತ್ತು.

ಈ ನಡುವೆ ಮೊಬೈಲಲ್ಲಿ ಆರ್ಡರ್ ಮಾಡಿದ್ರೆ ಮಧ್ಯಾಹ್ನ ಮೂರಕ್ಕೂ ಒಗ್ಗರಣಿ ಮನೆಗೆ ಬರುತ್ತೆ. ನಮ್ಮ ಮನೆ ಹುಡುಗ್ರು ಒಂದ್ಸಲ ತರಿಸಿದ್ರು. ಪ್ಲಾಸ್ಟಿಕ್ ಡಬ್ಬಿ, ಮುಚ್ಚಳದ ಒಳಗೆಲ್ಲಾ ಹಬೆ ನೀರಾಗಿ ನಿಂತಿತ್ತು, ಪುಟಾಣಿ ಹಿಟ್ಟು ಪಾಪ ಎಷ್ಟು ಅಂತ ಕುಡಿಯುತ್ತೆ, ಎಲ್ಲಾ ಒಂದು ಮುದ್ದೆ. ಮಿರ್ಚಿ ಮೆತ್ತಗಾಗಿ ಡಬ್ಬಿ ಮೂಲೆಗೆ ಒರಗಿತ್ತು. ನಮ್ಮಮ್ಮ ಮುಚ್ಚಳ ತೆಗೆದು ನೋಡಿದ್ಲು, ಮತ್ತೆ ಮುಚ್ಚಿದ್ಲು, "ಎಷ್ಟ್ ಕೊಟ್ರೋ ಇದಕ್ಕ?" ಅಂದ್ಲು. ಹುಡುಗ್ರು ರೇಟು ಹೇಳಿದ್ರು. ಅವಳು ಏನೂ ಮಾತಾಡದೇ ಒಳಗೆ ಹೋಗಿ ಮಂಡಕ್ಕಿ ಡಬ್ಬ ಇಳಿಸಿ ಅದೇ ದುಡ್ಡಿಗೆ ಎಷ್ಟು ಮೊರ ಮಂಡಕ್ಕಿ ಬರ್ತಿತ್ತು ಅಂತ ಜೋರಾಗಿ ಲೆಕ್ಕ ಹಾಕೋಕೆ ಶುರು ಮಾಡಿದ್ಲು, ಹುಡುಗ್ರು ಬಕೆಟ್ಟಿಗೆ ನೀರು ತುಂಬೋಕೆ ಹೋದ್ರು.