ಟೆಂಟ್ ಸುತ್ತ ಉಪ್ಪು ಹಾಕಿದರೆ ಹಾವು ಬರಲ್ವಾ?

ಘಟ್ಟಕ್ಕೆ ಚಾರಣ ಹೊರಡುವಾಗ ಮಂಗಳೂರು, ಉಡುಪಿಯ ವಾಟ್ಸಾಪ್ ಗುಂಪುಗಳಲ್ಲಿ ಈ ಸಲಹೆ ಮತ್ತೆ ಮತ್ತೆ ಬರುತ್ತದೆ. ಕಾಳಜಿಯಿಂದಲೇ ಕಳಿಸುತ್ತಾರೆ. ಆದರೆ ಇದು ನಿಜವಲ್ಲ.

ಉಪ್ಪು ಕಾಲಿಗೆ ಅಂಟಿದ ಉಂಬಳದ (ಜಿಗಣೆಯ) ಒದ್ದೆ ಮೈಯಿಂದ ನೀರು ಎಳೆಯುತ್ತದೆ, ಅದಕ್ಕೇ ಅದು ಕಳಚಿ ಬೀಳುತ್ತದೆ. ಹಾವಿನ ಮೈ ಒಣ ಹುರುಪೆಯದು. ಉಪ್ಪಿನ ಗೆರೆ ಅದನ್ನು ತಡೆಯುವುದಿಲ್ಲ. ತೊಂದರೆ ಆಗುವುದು ಕಪ್ಪೆಗಳಿಗೆ. ಅವು ಚರ್ಮದಿಂದಲೇ ನೀರು ಹೀರುತ್ತವೆ. ಮಳೆಗೆ ಕರಗಿದ ಉಪ್ಪು ಅವುಗಳಿರುವ ಜಾಗಕ್ಕೇ ಹರಿಯುತ್ತದೆ. ಪಶ್ಚಿಮ ಘಟ್ಟದ ಎಷ್ಟೋ ಕಪ್ಪೆಗಳು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ, ಅಲ್ವಾ?

ಇಂಥ ಮೆಸೇಜ್ ಬಂದರೆ ನೋಡಿ: ಯಾರು, ಎಲ್ಲಿ ಪರೀಕ್ಷಿಸಿದರು ಅಂತ ಇದೆಯಾ? ಇಲ್ಲದಿದ್ದರೆ ಅರಣ್ಯ ಇಲಾಖೆಯ ಗೈಡನ್ನು ಕೇಳಿ. ಟೆಂಟಿನ ಜಿಪ್ ಹಾಕಿಡಿ, ಊಟ ಡಬ್ಬಿಯಲ್ಲಿಡಿ. ಚೆಲ್ಲಿದ ಅನ್ನಕ್ಕೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು.